ನೀರಲ್ಲ, ಗೋಡೆ ನೋಡಿ

ಲಿವರಿನಲ್ಲಿ ನೀರುಗುಳ್ಳೆ ಇದೆ ಎಂದು ಸ್ಕ್ಯಾನ್ ವರದಿ ಬಂದ ಕೂಡಲೇ ಎರಡು ಮಾತು ಕೇಳಿಬರುತ್ತವೆ. ಒಂದು, ‘ಅಯ್ಯೋ, ಕ್ಯಾನ್ಸರ್ ಇರಬಹುದಾ?’ ಇನ್ನೊಂದು, ‘ಬರೀ ನೀರು ತಾನೇ, ಸೂಜಿ ಚುಚ್ಚಿ ತೆಗೆದರಾಯಿತು.’ ಮೊದಲನೆಯದು ಬಹುಪಾಲು ಸುಮ್ನೆ ಹೆದರಿಕೆ. ಎರಡನೆಯದು ಕೇಳಿದರೆ ಮಾತ್ರ ನನಗೆ ತಾಳ್ಮೆ ಉಳಿಯುವುದಿಲ್ಲ.

ಇಂಥ ಗುಳ್ಳೆಗಳಲ್ಲಿ ಹೆಚ್ಚಿನವು ಸಾದಾ ಸಿಸ್ಟ್‌ಗಳು. ತೆಳು ಗೋಡೆ, ತಿಳಿ ನೀರು, ಅಷ್ಟೇ. ಬೇರೇನನ್ನೋ ಹುಡುಕುವಾಗ ಸ್ಕ್ಯಾನಿನಲ್ಲಿ ಕಣ್ಣಿಗೆ ಬೀಳುತ್ತವೆ. ಅವುಗಳ ಪಾಡಿಗೆ ಅವನ್ನು ಬಿಟ್ಟರೆ ಸಾಕು. ‘ಕರಗಿಸುವ’ ಪುಡಿ ಮಾರುವವರಿಗೆ ಸುಗ್ಗಿಯೂ ಇಲ್ಲೇ. ಹೇಗಿದ್ದರೂ ಕಾಟ ಕೊಡದ ಗುಳ್ಳೆಗೆ ಪುಡಿ ಕೊಟ್ಟು, ‘ನೋಡಿ, ಏನೂ ಆಗಲಿಲ್ಲ’ ಅನ್ನಬಹುದಲ್ವಾ?

ಆದರೆ ಈ ಸಾಧುಗಳ ನಡುವೆ ಒಮ್ಮೊಮ್ಮೆ ಒಬ್ಬ ವೇಷಧಾರಿ ಇರುತ್ತಾನೆ. ಹೆಸರು ಮ್ಯೂಸಿನಸ್ ಸಿಸ್ಟಿಕ್ ನಿಯೋಪ್ಲಾಸಂ. ಲೋಳೆ ತುಂಬಿದ ಚೀಲದಂಥ ಗೆಡ್ಡೆ ಅನ್ನೋಣ. ಲಿವರಿನ ಸಿಸ್ಟ್‌ಗಳಲ್ಲಿ ಇದು ನೂರಕ್ಕೆ 5ರಷ್ಟೂ ಇರುವುದಿಲ್ಲ. ಕಾಣಿಸಿಕೊಳ್ಳುವುದು ಹೆಚ್ಚುಕಡಿಮೆ ಹೆಂಗಸರಲ್ಲೇ, ಅದರಲ್ಲೂ ನಡುವಯಸ್ಸಿನವರಲ್ಲಿ. ಲಿವರಿನ ಎಡಭಾಗ ಇದಕ್ಕೆ ಇಷ್ಟದ ಜಾಗ. ಇಂದು ಕ್ಯಾನ್ಸರ್ ಅಲ್ಲದಿದ್ದರೂ ಮುಂದೆ ಕೆಲವರಲ್ಲಿ ಕ್ಯಾನ್ಸರ್ ಆಗಬಲ್ಲದು. ಅದಕ್ಕೇ ಇದನ್ನು ಗುರುತಿಸಬೇಕು.

ಗುರುತಿಸುವುದು ಹೇಗೆ? ಒಳಗಿನ ನೀರಿನಿಂದಲ್ಲ. ಗೆಡ್ಡೆಯ ಸುಳಿವು ಸಿಗಬಹುದೆಂದು ನೀರಿನಲ್ಲಿ ಸಿಎ 19-9 ಎಂಬ ಅಂಶವನ್ನು ಅಳೆಯುವ ರೂಢಿ ಇದೆ. ತಮಾಷೆ ಏನೆಂದರೆ, ಸಾದಾ ಸಿಸ್ಟಿನ ಒಳಪದರವೂ ಪಿತ್ತನಾಳದ ಜಾತಿಯದ್ದೇ. ಅದೂ ಈ ಅಂಶವನ್ನು ಧಾರಾಳವಾಗಿ ಸುರಿಸುತ್ತದೆ. ಹಾಗಾಗಿ ಅಂಕಿ ಜಾಸ್ತಿ ಬಂದರೆ ಏನೂ ಸಾಬೀತಾಗುವುದಿಲ್ಲ, ಮನೆಮಂದಿಯ ನಿದ್ದೆ ಮಾತ್ರ ಕೆಡುತ್ತದೆ. ಸೂಜಿಯಲ್ಲಿ ಬರುವ ಕೋಶಗಳೂ ಬೆರಳೆಣಿಕೆಯವು. ಗೆಡ್ಡೆಯೇ ಆಗಿದ್ದರೆ ಅದರ ಕೋಶಗಳು ಹೊಟ್ಟೆಯೊಳಗೆ ಚೆಲ್ಲುವ ಭಯ ಬೇರೆ.

ಮುಂಜಾಗ್ರತೆ ಇಲ್ಲದೆ ಚುಚ್ಚಬಾರದು ಅನ್ನುವುದಕ್ಕೆ ಇನ್ನೊಂದು ಕಾರಣವಿದೆ: ಹೈಡಾಟಿಡ್. ನಾಯಿಯ ಕರುಳಲ್ಲಿ ಬದುಕುವ ಪುಟ್ಟ ಲಾಡಿಹುಳು ಮನುಷ್ಯನ ಲಿವರಿನಲ್ಲಿ ಕಟ್ಟುವ ಗುಳ್ಳೆ ಇದು. ಒಳಗಿನ ನೀರು ಹೊಟ್ಟೆಯೊಳಗೆ ಸೋರಿದರೆ ಪ್ರಾಣಕ್ಕೇ ಕುತ್ತು ತರುವ ಅಲರ್ಜಿ ಆಗಬಹುದು. ಈ ಹುಳುವಿನ ಒಂದು ದಾಯಾದಿ ಕಟ್ಟುವ ಗುಳ್ಳೆಯನ್ನು 19ನೇ ಶತಮಾನದ ನಡುವಿನವರೆಗೂ ವೈದ್ಯರು ಲೋಳೆ ಕ್ಯಾನ್ಸರ್ ಎಂದೇ ನಂಬಿದ್ದರು. ಅದು ಪರೋಪಜೀವಿಯ ಕೆಲಸ ಎಂದು 1855ರಲ್ಲಿ ತೋರಿಸಿಕೊಟ್ಟವರು ಜರ್ಮನಿಯ ರುಡಾಲ್ಫ್ ವಿರ್ಚೋ. ಹುಳುವನ್ನು ಕ್ಯಾನ್ಸರ್ ಅಂದವರು ದಡ್ಡರೇನಲ್ಲ. ಗುಳ್ಳೆಯ ರೂಪವೇ ಹಾಗೆ, ನೋಡಿದವರನ್ನು ಯಾಮಾರಿಸುತ್ತದೆ.

ಸ್ಕ್ಯಾನ್ ಒಂದಷ್ಟು ಸುಳಿವು ಕೊಡುತ್ತದೆ. ಚೀಲದೊಳಗೆ ಅಡ್ಡಗೋಡೆಗಳಿವೆಯೇ ನೋಡುತ್ತಾರೆ. ಅದಕ್ಕಿಂತ ಮುಖ್ಯವಾದದ್ದು, ಅಡ್ಡಗೋಡೆ ಹುಟ್ಟುವ ಕಡೆ ಹೊರಗೋಡೆ ಒಳಕ್ಕೆ ತಗ್ಗಿದೆಯೇ ಅನ್ನುವುದು. ಎರಡು ಬಲೂನುಗಳನ್ನು ಒತ್ತಿ ಹಿಡಿದರೆ ಅವು ಸೇರುವಲ್ಲಿ ಹೊರಗಿನಿಂದ ತಗ್ಗು ಕಾಣುತ್ತದೆ. ಅಕ್ಕಪಕ್ಕ ಕೂತ ಸಾದಾ ಸಿಸ್ಟ್‌ಗಳೂ ಹಾಗೇ. ನಮ್ಮ ವೇಷಧಾರಿಯಲ್ಲಿ ಹೊರಗೋಡೆ ನುಣ್ಣಗಿದ್ದು ಅಡ್ಡಗೋಡೆ ಅದರಿಂದಲೇ ಎದ್ದಿರುತ್ತದೆ, ದೊಡ್ಡ ಕೋಣೆಯನ್ನು ಆಮೇಲೆ ಎರಡು ಮಾಡಿದ ಹಾಗೆ. ಆದರೆ ಸಾದಾ ಸಿಸ್ಟಿನೊಳಗೆ ರಕ್ತ ಸೋರಿ ಹೆಪ್ಪುಗಟ್ಟಿದರೆ ಅದೂ ಅಡ್ಡಗೋಡೆಯಂತೆ ನಟಿಸುತ್ತದೆ.

ಕೊನೆಯ ತೀರ್ಪು ಮೈಕ್ರೋಸ್ಕೋಪಿನ ಕೆಳಗೇ. ನನಗೆ ಈ ಗೆಡ್ಡೆಯ ಹುಚ್ಚು ಹಿಡಿದದ್ದೂ ಅಲ್ಲೇ. ಗೋಡೆಯನ್ನು ತೆಳ್ಳಗೆ ಕತ್ತರಿಸಿ ಬಣ್ಣ ಹಾಕಿದರೆ ಒಳಪದರದಲ್ಲಿ ಕೋಶಗಳ ಒಂದು ಸಾಲು ಕಾಣುತ್ತದೆ. ಎಲ್ಲರ ಕಣ್ಣೂ ಅದರ ಮೇಲೆ. ಅದು ಹಾಸಿಗೆಯ ಮೇಲಿನ ಚಾದರ. ಗುಟ್ಟಿರುವುದು ಕೆಳಗಿನ ಹತ್ತಿಯಲ್ಲಿ. ಚಾದರ ಯಾವುದಾದರೂ ಇರಲಿ, ಹತ್ತಿ ಎಲ್ಲಿಂದ ಬಂತು ನೋಡಿ. ಇಲ್ಲಿ ಕದಿರಿನಾಕಾರದ ಕೋಶಗಳು ಒತ್ತೊತ್ತಾಗಿ ಸುಳಿಸುಳಿಯಾಗಿ ತುಂಬಿರುತ್ತವೆ. ಲಿವರಿನಲ್ಲಿ ಹೀಗಿರುವಂತಿಲ್ಲ. ಹೀಗಿರುವುದು ಅಂಡಾಶಯದಲ್ಲಿ!

ಬರೀ ಹೋಲಿಕೆ ಅಂದುಕೊಳ್ಳಬೇಡಿ. ಈಸ್ಟ್ರೋಜನ್, ಪ್ರೊಜೆಸ್ಟರಾನ್ ಹಾರ್ಮೋನುಗಳು ರಕ್ತದಲ್ಲಿ ಎಲ್ಲೆಡೆ ಸುತ್ತುತ್ತವೆ. ಅವುಗಳ ಕರೆ ಕೇಳುವುದು ಅವನ್ನು ಹಿಡಿದುಕೊಳ್ಳುವ ಗ್ರಾಹಕ (ರಿಸೆಪ್ಟರ್) ಇರುವ ಕೋಶಕ್ಕೆ ಮಾತ್ರ. ರೇಡಿಯೋ ತರಂಗ ಊರೆಲ್ಲಾ ಹರಡಿದ್ದರೂ ಹಾಡು ಕೇಳುವುದು ರೇಡಿಯೋ ಇರುವ ಮನೆಯಲ್ಲಿ ತಾನೇ? ಆ ಗ್ರಾಹಕಕ್ಕೇ ಅಂಟಿಕೊಳ್ಳುವ ಆ್ಯಂಟಿಬಾಡಿಯನ್ನು ಸ್ಲೈಡಿನ ಮೇಲೆ ಬಿಟ್ಟು, ಅದು ಅಂಟಿದ ಕಡೆ ಕಂದು ಬಣ್ಣ ಮೂಡುವಂತೆ ಮಾಡುತ್ತಾರೆ. ಗೋಡೆಯ ಆ ಪದರದ ಕೋಶಕೇಂದ್ರಗಳು ಒಂದೊಂದಾಗಿ ಕಂದಾಗುತ್ತವೆ. ಲಿವರಿನ ನಡುವೆ ಕೂತ ಈ ಕೋಶಗಳ ಬಳಿ ಅಂಡಾಶಯದ ರೇಡಿಯೋ ಇದೆ.

ಅದು ಅಲ್ಲಿಗೆ ಹೋದದ್ದು ಹೇಗೆ? ಪ್ರಚಲಿತ ಊಹೆಯೊಂದು ಭ್ರೂಣದ ಮೊದಲ ವಾರಗಳಿಗೆ ಕರೆದೊಯ್ಯುತ್ತದೆ. ಆಗ ಲಿವರ್ ಹೊಟ್ಟೆಯ ಬಹುಭಾಗ ತುಂಬಿರುತ್ತದೆ. ಅಂಡಾಶಯವಾಗಲಿರುವ ಅಂಗಾಂಶ ಅದರ ಹಿಂದೆಯೇ, ಕೈಗೆಟುಕುವಷ್ಟು ಹತ್ತಿರ. ಒಂದಿಷ್ಟು ಕೋಶಗಳು ಪಕ್ಕದ ಮನೆ ಸೇರಿ ಅಲ್ಲೇ ಉಳಿದಿರಬಹುದು. ಇದೇ ಗೆಡ್ಡೆ ಮೇದೋಜೀರಕ ಗ್ರಂಥಿಯಲ್ಲೂ ಬರುತ್ತದೆ, ಅದೂ ಹೆಚ್ಚಾಗಿ ಎಡಕ್ಕಿರುವ ಅದರ ಬಾಲದ ಕಡೆ. ಭ್ರೂಣದಲ್ಲಿ ಎಡ ಅಂಡಾಶಯದ ನೆರೆ ಅದೇ. ಈ ಊಹೆಯನ್ನು ನಾನು ಮೆಚ್ಚಲು ಇಷ್ಟು ಸಾಕು.

1985ರಲ್ಲಿ ವೀಲರ್ ಮತ್ತು ಎಡ್ಮಂಡ್‌ಸನ್ ಎಂಬ ಸಂಶೋಧಕರು ಇಂಥ 17 ಗೆಡ್ಡೆಗಳನ್ನು ವಿವರಿಸಿ, ಅಂಡಾಶಯದಂಥ ಈ ಪದರವೇ ಅವುಗಳ ಗುರುತು ಎಂದು ಒತ್ತಿ ಹೇಳಿದರು. 17ರಲ್ಲಿ 4 ಕ್ಯಾನ್ಸರಿಗೆ ತಿರುಗಿದ್ದವು. ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಿ ಈ ಪದರ ಕಡ್ಡಾಯವಾದದ್ದು 2010ರಲ್ಲಿ. ಅಲ್ಲಿಯವರೆಗೆ ‘ಬಿಲಿಯರಿ ಸಿಸ್ಟಡಿನೋಮ’ ಎಂಬ ಒಂದೇ ಗೋಣಿಯಲ್ಲಿ ಎಲ್ಲವನ್ನೂ ತುರುಕುತ್ತಿದ್ದರು. ಪಿತ್ತನಾಳದ ಒಳಗೇ ಗೊಂಚಲಿನಂತೆ ಬೆಳೆದು ನಾಳವನ್ನು ಉಬ್ಬಿಸುವ, ಗಂಡಸರಿಗೂ ಬರುವ ಬೇರೆಯೇ ಗೆಡ್ಡೆ ಅದರಲ್ಲಿ ಸೇರಿಹೋಗಿತ್ತು. ಹಳೆಯ ವರದಿಗಳ ಅಂಕಿಸಂಖ್ಯೆಯನ್ನು ನಾನು ಅನುಮಾನದಿಂದಲೇ ಓದುವುದು ಇದಕ್ಕೆ.

ಚಿಕಿತ್ಸೆ ಒಂದೇ, ಗೋಡೆಸಮೇತ ಪೂರ್ತಿ ತೆಗೆಯುವುದು. ಸಾದಾ ಸಿಸ್ಟಿಗೆ ಮಾಡುವಂತೆ ಬರೀ ಮೇಲ್ಛಾವಣಿ ಕತ್ತರಿಸಿ ಬಿಟ್ಟರೆ ಉಳಿದ ಗೋಡೆಯಿಂದ ಮತ್ತೆ ಬೆಳೆಯುತ್ತದೆ. ತೆಗೆದದ್ದು ಪೆಥಾಲಜಿಸ್ಟರ ಮೇಜಿಗೆ ಬಂದ ಮೇಲೂ ಕೆಲಸ ಸಲೀಸಲ್ಲ. ಕ್ಯಾನ್ಸರ್ ಒಂದು ಮೂಲೆಯಲ್ಲಿ ಮಾತ್ರ ಇರಬಹುದು. ಮುಟ್ಟು ನಿಂತವರಲ್ಲಿ ಅಂಡಾಶಯದ ಪದರ ಒಣಗಿ ಕಲೆಯಂತಾಗಿರಬಹುದು. ಕೆಲವು ಕಡೆ ಒಳಪದರ ಉದುರಿಹೋಗಿ ಚಾದರವೂ ಇಲ್ಲ, ಹತ್ತಿಯೂ ಕಾಣದು. ಮೊದಲ ಸ್ಲೈಡುಗಳಲ್ಲಿ ಏನೂ ಸಿಗದಿದ್ದರೆ ಅವರು ಮತ್ತೆ ಚೀಲದ ಬಳಿ ಹೋಗಿ ಇನ್ನಷ್ಟು ತುಂಡು ಕತ್ತರಿಸುತ್ತಾರೆ.