ತಿರುಗುವ ಕಪ್ಪುಕುಳಿಗೆ ಎಷ್ಟು ಹತ್ತಿರ ಸುತ್ತಬಹುದು?

ಪ್ರಶ್ನೆ: ಕಪ್ಪುಕುಳಿ ಸುಮ್ನೆ ನಿಂತಿದ್ದರೂ, ಗಿರಗಿರ ತಿರುಗುತ್ತಿದ್ದರೂ ಅದರ ದ್ರವ್ಯರಾಶಿ ಅಷ್ಟೇ ಇದ್ದರೆ ಸೆಳೆತವೂ ಅಷ್ಟೇ ಅಲ್ವಾ? ಸುತ್ತುವ ವಸ್ತುವಿಗೆ ಏನು ವ್ಯತ್ಯಾಸ?

ಉತ್ತರ: ದೂರದಲ್ಲಿ ಸುತ್ತುವ ವಸ್ತುವಿಗೆ ವ್ಯತ್ಯಾಸ ತೀರಾ ಕಡಿಮೆ. ಹತ್ತಿರ ಹೋದರೆ ಮಾತ್ರ ಲೆಕ್ಕವೇ ಬೇರೆ. ಐನ್‌ಸ್ಟೈನ್ ಸಿದ್ಧಾಂತದ ಪ್ರಕಾರ ತಿರುಗುವ ವಸ್ತು ಸುತ್ತಲಿನ ದೇಶಕಾಲವನ್ನೂ (ಸ್ಥಳ, ಕಾಲ ಎರಡೂ ಸೇರಿದ ಹಂದರ) ತನ್ನ ಜೊತೆ ಎಳೆದುಕೊಂಡು ತಿರುಗುತ್ತದೆ. ಇದು 1918ರಲ್ಲೇ ಗೊತ್ತಾಗಿತ್ತು. ತಿರುಗುವ ಕಪ್ಪುಕುಳಿಗೆ ಸರಿಯಾದ ಸಮೀಕರಣ ಸಿಕ್ಕಿದ್ದು 1963ರಲ್ಲಿ, ನ್ಯೂಜಿಲೆಂಡಿನ ಗಣಿತಜ್ಞ ರಾಯ್ ಕೆರ್ ಅವರಿಂದ.

ಸೂರ್ಯನ 10 ಪಟ್ಟು ದ್ರವ್ಯರಾಶಿಯ ಕಪ್ಪುಕುಳಿ ತೆಗೆದುಕೊಳ್ಳಿ. ಅದು ತಿರುಗದಿದ್ದರೆ ಅದರ ಅಂಚು, ಅಂದರೆ ದಾಟಿದರೆ ಬೆಳಕೂ ಹೊರಬರಲಾರದ ಮೇರೆ, ಕೇಂದ್ರದಿಂದ ಸುಮಾರು 30 ಕಿ.ಮೀ. ದೂರದಲ್ಲಿರುತ್ತದೆ. ಆದರೆ ಅಂಚಿನ ತನಕ ನೆಮ್ಮದಿಯಾಗಿ ಸುತ್ತಲು ಆಗುವುದಿಲ್ಲ. ಸುಮಾರು 89 ಕಿ.ಮೀ.ಗಿಂತ ಒಳಗೆ ಯಾವ ವೃತ್ತ ಕಕ್ಷೆಯೂ ನಿಲ್ಲುವಂಥದ್ದಲ್ಲ. ಒಂಚೂರು ಅಲುಗಿದರೂ ವಸ್ತು ಒಳಗೆ ಬೀಳಬಹುದು.

ಅದೇ ಕುಳಿ ಸಾಧ್ಯವಿರುವಷ್ಟೂ ಜೋರಾಗಿ ತಿರುಗುತ್ತಿದೆ ಅನ್ನಿ. ಆಗ ಅದು ತಿರುಗುವ ದಿಕ್ಕಿನಲ್ಲೇ, ಅದರ ಸಮಭಾಜಕದ ಮೇಲೆ ಸುತ್ತುವ ವಸ್ತುವಿಗೆ ಈ 89 ಕಿ.ಮೀ. ಗಡಿ ಸುಮಾರು 15 ಕಿ.ಮೀ.ಗೆ ಇಳಿಯುತ್ತದೆ (ಕುಳಿಯ ಅಂಚೂ ಆಗ ಒಳಸರಿದಿರುತ್ತದೆ). ಎದುರು ದಿಕ್ಕಿನಲ್ಲಿ ಸುತ್ತಿದರೆ 133 ಕಿ.ಮೀ.ಗೆ ಏರುತ್ತದೆ! ಕುಳಿಯ ತಿರುಗಾಟ ಜೊತೆಗೆ ಬರುವವರಿಗೆ ಒಳಸೆಳೆತವನ್ನು ತಗ್ಗಿಸುತ್ತದೆ, ಎದುರು ಬರುವವರಿಗೆ ಹೆಚ್ಚಿಸುತ್ತದೆ. ಕುಳಿಯ ಅಂಚಿಗೆ ಹೊರಗಿನಿಂದ ತಾಗಿದ ಒಂದು ವಲಯದಲ್ಲಿ ಎದುರು ಸುತ್ತುವ ಮಾತೇ ಇಲ್ಲ. ಅಲ್ಲಿ ಬೆಳಕೂ ಕುಳಿಯ ದಿಕ್ಕಿಗೇ ತಿರುಗಬೇಕು.

ಕಕ್ಷೆ ಓರೆಯಾಗಿದ್ದರೆ ನನಗಂತೂ ಇನ್ನೂ ಖುಷಿ. ಆಗ ಕಕ್ಷೆಯ ಸಮತಲವೇ ನಿಧಾನಕ್ಕೆ ತಿರುಗುತ್ತಾ ಹೋಗುತ್ತದೆ. ವಸ್ತು ಸಾಮಾನ್ಯವಾಗಿ ಹೊರಟ ಜಾಗಕ್ಕೆ ಮತ್ತೆ ಬರುವುದೇ ಇಲ್ಲ, ದಾರಿ ನೂಲಿನುಂಡೆಯ ಹಾಗೆ ಸುತ್ತಿಕೊಳ್ಳುತ್ತದೆ. ನೋಡಲು ಗೋಜಲು, ಆದರೂ ಅದು ಅಂಕೆ ತಪ್ಪಿದ ಓಟವಲ್ಲ. ಶಕ್ತಿ ಮತ್ತು ಕೋನೀಯ ಸಂವೇಗದ (ಸುತ್ತುವ ಚಲನೆಯ ಅಳತೆ) ಜೊತೆಗೆ, ಬದಲಾಗದೆ ಉಳಿಯುವ ಇನ್ನೊಂದು ಪರಿಮಾಣ ಈ ಚಲನೆಯಲ್ಲಿದೆ ಎಂದು ಭೌತವಿಜ್ಞಾನಿ ಬ್ರಾಂಡನ್ ಕಾರ್ಟರ್ 1968ರಲ್ಲಿ ತೋರಿಸಿದರು. ಅದರಿಂದಲೇ ಇಡೀ ದಾರಿಯನ್ನು ಲೆಕ್ಕ ಹಾಕಲು ಆಗುತ್ತದೆ.

ಇದೆಲ್ಲ ಬರೀ ಕಾಗದದ ಲೆಕ್ಕವಲ್ಲ. ಕುಳಿಗೆ ಬೀಳುವ ಅನಿಲ ಹತ್ತಿರ ಸುತ್ತಿದಷ್ಟೂ ಜಾಸ್ತಿ ಶಕ್ತಿ ಹೊರಚೆಲ್ಲುತ್ತದೆ. ತಿರುಗದ ಕುಳಿಯಲ್ಲಿ ಅನಿಲದ ದ್ರವ್ಯರಾಶಿಯ ಸುಮಾರು 6% ಹೀಗೆ ಶಕ್ತಿಯಾಗಿ ಹೊರಬರುತ್ತದೆ. ಪೂರ್ತಿ ವೇಗದ ಕುಳಿಯಲ್ಲಿ 42%ರ ತನಕ ಹೋಗಬಹುದು. ಹೈಡ್ರೋಜನ್ ಬೆಸೆದು ಹೀಲಿಯಂ ಆಗುವಾಗ ಸಿಗುವುದು 0.7% ಮಾತ್ರ. ಆ ಅನಿಲದಲ್ಲಿರುವ ಕಬ್ಬಿಣ ಸೂಸುವ ಎಕ್ಸ್-ಕಿರಣದ ಗೆರೆ (ವರ್ಣಪಟಲದಲ್ಲಿ ಕಾಣುವ ಅದರ ಗುರುತು), ಗುರುತ್ವದಿಂದಾಗಿ ಕೆಂಪಿನ ಕಡೆಗೆ, ಅಂದರೆ ಉದ್ದ ತರಂಗಾಂತರದ ಕಡೆಗೆ ಹಿಗ್ಗಿರುತ್ತದೆ. ಎಷ್ಟು ಹಿಗ್ಗಿದೆ ಎಂದು ಅಳೆದು, ಅನಿಲ ಎಷ್ಟು ಒಳಗಿನ ತನಕ ಸುತ್ತುತ್ತಿದೆ, ಕುಳಿ ಎಷ್ಟು ಜೋರಾಗಿ ತಿರುಗುತ್ತಿದೆ ಎಂದು ಖಗೋಳ ವಿಜ್ಞಾನಿಗಳು ಅಂದಾಜು ಮಾಡುತ್ತಾರೆ.