ನಿಕಾನ್‌ಗೇಕೆ ಮೀಡಿಯಂ ಫಾರ್ಮ್ಯಾಟ್?

ಫ್ಯೂಜಿಫಿಲ್ಮ್ 2017ರಲ್ಲಿ ಜಿಎಫ್‌ಎಕ್ಸ್ 50ಎಸ್ ಎಂಬ ಮೀಡಿಯಂ ಫಾರ್ಮ್ಯಾಟ್ ಕ್ಯಾಮೆರಾವನ್ನು, ಅಂದರೆ ಮಾಮೂಲಿಗಿಂತ ದೊಡ್ಡ ಸೆನ್ಸರ್ (ಚಿತ್ರ ಹಿಡಿಯುವ ಚಿಪ್) ಇರುವುದನ್ನು, ಮಾರಾಟಕ್ಕೆ ಬಿಟ್ಟಾಗಿನಿಂದ ಫೋಟೊಗ್ರಾಫರ ನಡುವೆ ಒಂದು ಪ್ರಶ್ನೆ ಸುತ್ತುತ್ತಲೇ ಇದೆ: ನಿಕಾನ್ ಯಾವಾಗ ಮೀಡಿಯಂ ಫಾರ್ಮ್ಯಾಟಿಗೆ ಬರುತ್ತದೆ? ಬರಬಾರದು ಎಂಬುದು ನನ್ನ ಪಕ್ಷ. ಕೇಳುವವರ ತಲೆಯಲ್ಲಿರುವುದು ರೀಲಿನ ಕಾಲದ ಮೀಡಿಯಂ ಫಾರ್ಮ್ಯಾಟ್. ಈಗ ಮಾರಾಟಕ್ಕಿರುವುದು ಬೇರೆಯೇ.

ಮದುವೆ ಮನೆಯಲ್ಲಿ ಕೊರಳಿಗೆ ತೂಗುಹಾಕಿಕೊಂಡು ಮೇಲಿನಿಂದ ಇಣುಕಿ ನೋಡುತ್ತಿದ್ದ ಯಾಶಿಕಾ ಮ್ಯಾಟ್ ನೆನಪಿದೆಯೇ? ಒಂದು 120 ರೀಲಿಗೆ 12 ಫೋಟೊ, ಒಂದೊಂದು ನೆಗೆಟಿವ್ ಸುಮಾರು 56×56 ಮಿ.ಮೀ. ಸಣ್ಣ ರೀಲಿನ ನೆಗೆಟಿವ್ 36×24 ಮಿ.ಮೀ. ವಿಸ್ತೀರ್ಣದಲ್ಲಿ 3.6 ಪಟ್ಟು ವ್ಯತ್ಯಾಸ. ಎರಡೂ ರೀಲಿನಲ್ಲಿ ಬೆಳ್ಳಿಯ ಕಣ ಒಂದೇ ಗಾತ್ರದ್ದು. ದೊಡ್ಡ ನೆಗೆಟಿವನ್ನು ಹಿಗ್ಗಿಸುವುದು ಕಡಿಮೆ, ಆದ್ದರಿಂದ ಗೋಡೆಯ ಗ್ರೂಪ್ ಫೋಟೊದಲ್ಲೂ ಅಜ್ಜಿಯ ಮೂಗುತಿಯ ಹರಳು ಎಣಿಸಬಹುದಿತ್ತು.

ಇಂದಿನ ಜಿಎಫ್‌ಎಕ್ಸ್, ಹ್ಯಾಸಲ್‌ಬ್ಲಾಡ್ ಎಕ್ಸ್ ಸರಣಿಗಳ ಸೆನ್ಸರ್ 43.8×32.9 ಮಿ.ಮೀ. ಸಣ್ಣ ರೀಲಿನಷ್ಟೇ, 36×24 ಮಿ.ಮೀ. ಇರುವ ಫುಲ್ ಫ್ರೇಮ್ ಸೆನ್ಸರಿಗಿಂತ ಬರೀ 1.67 ಪಟ್ಟು. ಹೆಸರು ಅಜ್ಜನದು, ಆಸ್ತಿ ಅರ್ಧಕ್ಕೂ ಕಡಿಮೆ. ಇನ್ನೊಂದು ಗುಟ್ಟು: 102 ಮೆಗಾಪಿಕ್ಸೆಲಿನ ಜಿಎಫ್‌ಎಕ್ಸ್ 100ರಲ್ಲಿ ಒಂದು ಪಿಕ್ಸೆಲ್ 3.76 ಮೈಕ್ರಾನ್. 61 ಮೆಗಾಪಿಕ್ಸೆಲಿನ ಸೋನಿ ಎ7ಆರ್ 4ರಲ್ಲೂ 3.76 ಮೈಕ್ರಾನೇ. ಎರಡೂ ಸೆನ್ಸರ್ ಸೋನಿಯವೇ. ಒಂದೇ ಥಾನಿನ ಬಟ್ಟೆ. ಒಂದಕ್ಕೆ ಅಂಗಿ ಕತ್ತರಿಸಿದ್ದಾರೆ, ಇನ್ನೊಂದಕ್ಕೆ ನಿಲುವಂಗಿ.

ಹಾಗಿದ್ದರೆ ಬೆಲೆಯೂ 1.67 ಪಟ್ಟೇ ಆಗಬೇಕಲ್ಲ? ಆಗುವುದಿಲ್ಲ, ಯಾಕೆಂದು ಶಹಾಬಾದಿನ ಕಲ್ಲುಗಣಿಯಲ್ಲಿ ಕೇಳಿ. ಸಣ್ಣ ಫರಸಿ ಕಲ್ಲು ಬೇಕಾದಷ್ಟು ಸಿಗುತ್ತದೆ. ಎಲ್ಲೂ ಬಿರುಕಿಲ್ಲದ ದೊಡ್ಡ ಹಾಸು ಅಪರೂಪ. ಜೋಳದ ರೊಟ್ಟಿಯೂ ಹಾಗೇ: ಅಂಗೈಯಗಲ ತಟ್ಟಿದರೆ ಹರಿಯದು, ಹಂಚಿನಗಲ ತಟ್ಟಿದರೆ ಒಂದು ಕಡೆಯಾದರೂ ಸೀಳುತ್ತದೆ. ಸೆನ್ಸರುಗಳನ್ನು ಸಿಲಿಕಾನ್ ಬಿಲ್ಲೆಯಿಂದ ಕತ್ತರಿಸುತ್ತಾರೆ. 300 ಮಿ.ಮೀ. ವ್ಯಾಸದ ಬಿಲ್ಲೆಯಲ್ಲಿ, ಅಂಚಿನ ನಷ್ಟ ಲೆಕ್ಕಿಸದೆ ಹೋದರೆ, ಫುಲ್ ಫ್ರೇಮ್ 81 ತುಂಡು ಹಿಡಿದೀತು, ಮೀಡಿಯಂ 49. ಬಿಲ್ಲೆಯ ಮೇಲೆ 20 ದೋಷ ಅಲ್ಲಲ್ಲಿ ಬಿದ್ದವೆಂದುಕೊಳ್ಳಿ, ಒಂದೊಂದೂ ಒಂದು ತುಂಡನ್ನು ಕೆಡಿಸಿತೆನ್ನಿ. ಉಳಿಯುವುದು 61 ಮತ್ತು 29. ತಲಾ ಖರ್ಚು 2.1 ಪಟ್ಟಾಯಿತು. ಆಯತವನ್ನು ವೃತ್ತದೊಳಗೆ ಕೂರಿಸುವಾಗ ದೊಡ್ಡ ತುಂಡಿಗೆ ಅಂಚಿನ ನಷ್ಟವೂ ಹೆಚ್ಚು.

'ಮೀಡಿಯಂ ಫಾರ್ಮ್ಯಾಟಿನಲ್ಲಿ ಮುಖ ಎದ್ದು ನಿಲ್ಲುತ್ತದೆ' ಎನ್ನುವುದು ಮಾತ್ರ ದೃಷ್ಟಿ ತೆಗೆಯುವ ನಂಬಿಕೆಯ ಜಾತಿಗೆ ಸೇರಿದ್ದು. ಲೆಕ್ಕ ಸರಳ, ಲೆನ್ಸಿನ ಅಂಕಿಗಳನ್ನು ಎರಡು ಸೆನ್ಸರುಗಳ ಕರ್ಣದ ಅನುಪಾತವಾದ 0.79ರಿಂದ ಗುಣಿಸಿ. ಎಫ್ ಅಂಕಿ ಸಣ್ಣದಾದಷ್ಟೂ ಲೆನ್ಸಿನ ಕಂಡಿ ದೊಡ್ಡದು, ಹಿನ್ನೆಲೆ ಮಸುಕು. ಫ್ಯೂಜಿಯ 80 ಮಿ.ಮೀ. ಎಫ್/1.7 ಲೆನ್ಸ್ ಫುಲ್ ಫ್ರೇಮಿನ 63 ಮಿ.ಮೀ. ಎಫ್/1.34ಕ್ಕೆ ಸಮ. ನಿಕಾನ್ ಬಳಿ 50 ಮಿ.ಮೀ. ಎಫ್/1.2 ಈಗಾಗಲೇ ಇದೆ. ಮಾಯೆ ಅಲ್ಲೇ ಕರಗಿತು. ಬೀದರಿನಲ್ಲಿ ಬಿದ್ರಿ ಹೂಜಿ ಕೆತ್ತುವವರನ್ನು ಕೈಯಲ್ಲೇ ಕ್ಯಾಮೆರಾ ಹಿಡಿದು ತೆಗೆಯುವಾಗಲಂತೂ ಲಾಭ ಸೊನ್ನೆ. ಉಳಿ ಹಿಡಿದ ಕೈ, ಹೂಜಿ ಎರಡೂ ಸ್ಪಷ್ಟವಾಗಲು ಫುಲ್ ಫ್ರೇಮಿಗೆ ಎಫ್/11 ಸಾಕಾದರೆ ಮೀಡಿಯಮ್ಮಿಗೆ ಎಫ್/14 ಬೇಕು. ಕೈ ಆಡುತ್ತಿರುವುದರಿಂದ ಶಟರ್ ನಿಧಾನ ಮಾಡುವಂತಿಲ್ಲ. ಐಎಸ್‌ಒ 100 ಇದ್ದದ್ದನ್ನು 160ಕ್ಕೆ ಏರಿಸಬೇಕು, ಅಂದರೆ ಸಿಕ್ಕಿದ ಕಡಿಮೆ ಬೆಳಕನ್ನೇ ಹಿಗ್ಗಿಸಬೇಕು. ದೊಡ್ಡ ಸೆನ್ಸರ್ ಗಳಿಸಿದ ಬೆಳಕು ಅಲ್ಲಿಗೇ ಖರ್ಚು.

ನಿಕಾನ್‌ಗೆ ಈ ಬೀದಿ ಹೊಸದೇನಲ್ಲ. 1959ರಲ್ಲಿ, ತನ್ನ ಎಫ್ ಮೌಂಟ್ (ಕ್ಯಾಮೆರಾಕ್ಕೆ ಲೆನ್ಸ್ ಕೂರಿಸುವ ಬಳೆ) ತಂದ ವರ್ಷವೇ, ಜೆನ್ಜಾ ಬ್ರೋನಿಕಾ ಎಂಬ 6×6 ಸೆಂ.ಮೀ. ರೀಲು ಕ್ಯಾಮೆರಾಕ್ಕೆ ನಿಕ್ಕೋರ್ ಲೆನ್ಸ್ ಮಾಡಿಕೊಟ್ಟಿತ್ತು. ಈಗಿನ ಝಡ್ ಮೌಂಟಿನ ಬಾಯಿ 55 ಮಿ.ಮೀ., ಮೀಡಿಯಂ ಸೆನ್ಸರಿನ ಕರ್ಣ 54.8; ಅಂಚಿಗೆ ಜಾಗವೇ ಉಳಿಯದು. ಹಾಗಾಗಿ ಮೌಂಟೂ ಹೊಸದು, ಲೆನ್ಸ್ ಬಳಗವೂ ಹೊಸದು. ಫ್ಯೂಜಿಯ ದಾರಿ ಬೇರೆ: ಅದು ಫುಲ್ ಫ್ರೇಮನ್ನೇ ಮಾಡುವುದಿಲ್ಲ, ತನ್ನ ಗಿರಾಕಿಯನ್ನು ತಾನೇ ಕದಿಯುವ ಭಯವಿಲ್ಲ.

ಟ್ರೈಪಾಡ್ ಇದ್ದರೆ ಶಟರ್ ಹೊತ್ತು ಹೆಚ್ಚಿಸಿ 1.67 ಪಟ್ಟು ಲಾಭವನ್ನು ಉಳಿಸಿಕೊಳ್ಳಬಹುದು, ಒಪ್ಪೋಣ. ಆದರೆ ಟ್ರೈಪಾಡ್ ಇದ್ದ ಮೇಲೆ ಅದಕ್ಕಿಂತ ಹೆಚ್ಚಿನದೇ ಸಿಗುತ್ತದೆ. ಕಲಬುರಗಿ ಕೋಟೆಯೊಳಗಿನ 1367ರ ಜಾಮಾ ಮಸೀದಿಯ ಕಮಾನುಸಾಲು ತೆಗೆಯಬೇಕೆನ್ನಿ. 61 ಮೆಗಾಪಿಕ್ಸೆಲಿನ ಫುಲ್ ಫ್ರೇಮ್ ಕ್ಯಾಮೆರಾವನ್ನು ಉದ್ದಕ್ಕೆ ನಿಲ್ಲಿಸಿ, ಮೂರನೇ ಒಂದು ಭಾಗ ಒಂದರ ಮೇಲೊಂದು ಬರುವಂತೆ ಮೂರು ಫೋಟೊ ತೆಗೆದು ಜೋಡಿಸಿದರೆ 56×36 ಮಿ.ಮೀ. ಸೆನ್ಸರಿಗೆ ಸಮ, ಸುಮಾರು 140 ಮೆಗಾಪಿಕ್ಸೆಲ್. 50 ಮಿ.ಮೀ. ಲೆನ್ಸಾದರೆ ಪ್ರತಿ ಸಲ 18 ಡಿಗ್ರಿ ತಿರುಗಿಸಿ. ಮೇಲೆ ಛಾವಣಿ ಮುಚ್ಚಿದ, ಪಕ್ಕದ ಕಮಾನುಗಳಿಂದ ಬೆಳಕು ನುಗ್ಗುವ ಕಟ್ಟಡವಿದು; ಎಕ್ಸ್‌ಪೋಶರ್, ವೈಟ್ ಬ್ಯಾಲೆನ್ಸ್, ಫೋಕಸ್ ಮೂರನ್ನೂ ಮ್ಯಾನ್ಯುಯಲ್ಲಿಗೆ ಹಾಕದಿದ್ದರೆ ಜೋಡಣೆಯಲ್ಲಿ ಪಟ್ಟೆ ಕಾಣುತ್ತದೆ. ಕಂಬಗಳು ಒಡೆದು ಎರಡಾಗುವುದು ಇನ್ನೊಂದು ಕಾಟ. ಹತ್ತಿರದ ಕಂಬದ ಅಂಚನ್ನು ದೂರದ ಕಂಬದ ಅಂಚಿಗೆ ಸರಿಹೊಂದಿಸಿ ಕ್ಯಾಮೆರಾವನ್ನು ಬಲಕ್ಕೆ ತಿರುಗಿಸಿ. ಹತ್ತಿರದ್ದು ದೂರದ್ದಕ್ಕಿಂತ ಎಡಕ್ಕೆ ಜರುಗಿದರೆ ಕ್ಯಾಮೆರಾವನ್ನು ಟ್ರೈಪಾಡಿನ ತಲೆಯ ಜಾರುಪಟ್ಟಿಯ ಮೇಲೆ ಹಿಂದಕ್ಕೆ ಸರಿಸಿ, ಬಲಕ್ಕೆ ಜರುಗಿದರೆ ಮುಂದಕ್ಕೆ. ಎರಡೂ ಅಂಟಿಕೊಂಡೇ ಇರುವ ಜಾಗದಲ್ಲಿ ಬಿಗಿ ಮಾಡಿ. ಬೀದರಿನ ಮಹಮೂದ್ ಗವಾನ್ ಮದರಸಾದ ಹೆಂಚಿನ ಗೋಡೆಗೆ ಇಷ್ಟೆಲ್ಲ ಬೇಕಿಲ್ಲ, ಅದು ಚಪ್ಪಟೆ. ನಡುವೆ ಯಾರಾದರೂ ನಡೆದುಹೋದರೆ ಅರ್ಧ ಮನುಷ್ಯ ಮೂಡುತ್ತಾನೆ. ಟ್ರೈಪಾಡ್ ಅಲುಗಿಸದೆ ಅದೊಂದು ಫ್ರೇಮನ್ನು ಮತ್ತೆ ತೆಗೆದರಾಯಿತು.