ನಿಲ್ಲಬೇಕಾದಲ್ಲಿ ನಿಲ್ಲದ ಜೀವಕೋಶ

ವರ್ಷ ತುಂಬುವ ಹೊತ್ತಿಗೆ ಮಗು ಹೆಜ್ಜೆ ಇಡುತ್ತದೆ. ಮೊದಮೊದಲು ತೂರಾಡುತ್ತದೆ. ಎಲ್ಲ ಮಕ್ಕಳೂ ಹಾಗೇ ಅಲ್ವಾ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಕೆಲವು ಮಕ್ಕಳಲ್ಲಿ ಮೂರ್ನಾಲ್ಕು ವರ್ಷವಾದರೂ ಆ ತೂರಾಟ ಹೋಗುವುದಿಲ್ಲ, ಜಾಸ್ತಿಯೇ ಆಗುತ್ತದೆ. ಮಾತು ಎಳೆದೆಳೆದು ಬರುತ್ತದೆ. ಕಣ್ಣಿನ ಬಿಳಿ ಭಾಗದಲ್ಲಿ ಸಣ್ಣ ರಕ್ತನಾಳಗಳು ಕೆಂಪಗೆ ಎದ್ದು ಕಾಣುತ್ತವೆ. ಹಲವರಿಗೆ ಎದೆಯ ಸೋಂಕು ಮತ್ತೆ ಮತ್ತೆ ಬರುತ್ತದೆ. ಹತ್ತು ವರ್ಷದ ಆಸುಪಾಸಿನಲ್ಲಿ ಹೆಚ್ಚಿನವರಿಗೆ ಗಾಲಿಕುರ್ಚಿ ಬೇಕಾಗುತ್ತದೆ. ರಕ್ತದ ಕ್ಯಾನ್ಸರ್ ಭಯವೂ ಬೇರೆಯವರಿಗಿಂತ ಎಷ್ಟೋ ಪಟ್ಟು ಹೆಚ್ಚು.

ಈ ಕಾಯಿಲೆಯ ಹೆಸರು ಅಟಾಕ್ಸಿಯಾ ಟೆಲಾಂಜಿಯೆಕ್ಟೇಸಿಯಾ. ನಾಲಿಗೆ ಹೊರಳದಿದ್ದರೆ ಎ-ಟಿ ಅಂದರೆ ಸಾಕು, ಡಾಕ್ಟರುಗಳೂ ಹಾಗೇ ಕರೆಯುತ್ತಾರೆ. ಸುಮಾರು 40 ಸಾವಿರದಿಂದ 1 ಲಕ್ಷ ಮಕ್ಕಳಲ್ಲಿ ಒಬ್ಬರಿಗೆ ಬರುತ್ತದೆ.

ನಡಿಗೆಗೂ ಕ್ಯಾನ್ಸರಿಗೂ ಏನು ಸಂಬಂಧ? ಮೊದಲ ಸುಳಿವು ಸಿಕ್ಕ ರೀತಿಯೇ ಕ್ರೂರ. 1960ರ ದಶಕದಲ್ಲಿ ಕ್ಯಾನ್ಸರ್ ಬಂದ ಎ-ಟಿ ಮಕ್ಕಳಿಗೆ ಎಲ್ಲರಿಗೂ ಕೊಡುವ ಪ್ರಮಾಣದಲ್ಲೇ ವಿಕಿರಣ ಕೊಟ್ಟರು. ಬೇರೆಯವರು ತಡೆದುಕೊಳ್ಳುವ ಆ ಡೋಸಿಗೆ ಇವರ ಮೈ ಬೆಂದು ಹೋಯಿತು. ಕೆಲವರು ಉಳಿಯಲಿಲ್ಲ.

ವಿಕಿರಣ ಡಿಎನ್‌ಎಯ ಎರಡೂ ಎಳೆಗಳನ್ನು ಕತ್ತರಿಸಬಲ್ಲದು. ಹಾಗಾದರೆ ಎ-ಟಿ ಕೋಶಕ್ಕೆ ರಿಪೇರಿ ಬರುವುದಿಲ್ಲ ಅಂದುಕೊಳ್ಳುವುದು ಸಹಜ. 1980ರಲ್ಲಿ ಪೇಂಟರ್ ಮತ್ತು ಯಂಗ್ ಎಂಬ ವಿಜ್ಞಾನಿಗಳು ಕಂಡದ್ದು ಬೇರೆ. ವಿಕಿರಣ ಬಿದ್ದ ಕೂಡಲೇ ಆರೋಗ್ಯವಂತರ ಕೋಶ ಹೊಸ ಡಿಎನ್‌ಎ ನಕಲು ಮಾಡುವ ವೇಗ ತಗ್ಗಿಸುತ್ತದೆ. ಎ-ಟಿ ಕೋಶ ಮಾತ್ರ ಏನೂ ಆಗಿಲ್ಲವೆಂಬಂತೆ ನಕಲು ಮಾಡುತ್ತಲೇ ಹೋಗುತ್ತದೆ. ಅಂದರೆ ರಿಪೇರಿಯವರು ಬಹುಪಾಲು ಇದ್ದಾರೆ, ಅವರನ್ನು ಕೂಗಿ ಕರೆಯುವ ಕಾವಲುಗಾರನೇ ಇಲ್ಲ.

ಆ ಕಾವಲುಗಾರನ ಜೀನ್ 11ನೇ ವರ್ಣತಂತುವಿನಲ್ಲಿದೆ ಎಂದು 1988ರಲ್ಲಿ ತಿಳಿಯಿತು. ನಾಲ್ಕು ಬೇರೆ ಬೇರೆ ಜೀನ್‌ಗಳಿರಬೇಕು ಎಂಬ ಲೆಕ್ಕ ಆಗ ಚಾಲ್ತಿಯಲ್ಲಿತ್ತು. 1995ರಲ್ಲಿ ಇಸ್ರೇಲಿನ ಯೋಸೆಫ್ ಶಿಲೋ ಅವರ ತಂಡ ಜೀನನ್ನು ಹಿಡಿದಾಗ ನೋಡಿದರೆ ಇದ್ದದ್ದು ಒಂದೇ! ಅದಕ್ಕೆ ಎಟಿಎಮ್ ಎಂದು ಹೆಸರಿಟ್ಟರು. ದುಡ್ಡು ಕೊಡುವ ಯಂತ್ರ ನೆನಪಾದರೆ ನಿಮ್ಮ ತಪ್ಪಲ್ಲ.

ಆ ಜೀನ್ ಹೇಳಿದಂತೆ ಕೋಶ ಕಟ್ಟುವ ಪ್ರೋಟೀನಿಗೂ ಎಟಿಎಮ್ ಎಂದೇ ಹೆಸರು, 3056 ಅಮೈನೋ ಆಮ್ಲಗಳ ದೈತ್ಯ ಅದು. ಸಾಮಾನ್ಯ ಹೊತ್ತಿನಲ್ಲಿ ಇದು ಎರಡೆರಡು ಜೋಡಿಯಾಗಿ, ಒಂದನ್ನೊಂದು ಕಟ್ಟಿಹಾಕಿಕೊಂಡು ಸುಮ್ನೆ ಇರುತ್ತದೆ. ಡಿಎನ್‌ಎ ತುಂಡಾದರೆ ಕೆಲವೇ ನಿಮಿಷಗಳಲ್ಲಿ ಜೋಡಿ ಬಿಡಿಸಿಕೊಂಡು ಏಳುತ್ತದೆ. ನೂರಾರು ಪ್ರೋಟೀನುಗಳಿಗೆ ಫಾಸ್ಫೇಟ್ ಅಂಟಿಸಿ ಸುದ್ದಿ ಮುಟ್ಟಿಸುತ್ತದೆ. ಅವುಗಳಲ್ಲಿ ಪಿ53 ಮುಖ್ಯ. ಕೋಶ ವಿಭಜನೆ ನಿಲ್ಲಿಸುವುದೂ, ಹಾನಿ ಮಿತಿಮೀರಿದರೆ ಕೋಶ ತನ್ನನ್ನು ತಾನೇ ಮುಗಿಸಿಕೊಳ್ಳುವುದೂ ಹೆಚ್ಚಾಗಿ ಅದರ ಮೂಲಕವೇ.

ಸೋಂಕಿನ ಕಾರಣವೂ ಇಲ್ಲೇ ಇದೆ. ರೋಗನಿರೋಧಕ ಕೋಶಗಳು ಬೆಳೆಯುವಾಗ ತಮ್ಮ ಡಿಎನ್‌ಎಯನ್ನು ತಾವೇ ಕತ್ತರಿಸಿ ಬೇರೆ ಥರ ಜೋಡಿಸಿಕೊಳ್ಳುತ್ತವೆ. ಬಗೆಬಗೆಯ ರೋಗಾಣುಗಳನ್ನು ಗುರುತಿಸಲು ಅದು ಬೇಕೇ ಬೇಕು. ಎಟಿಎಮ್ ಇಲ್ಲದಿದ್ದರೆ ಕತ್ತರಿಸಿದ ತುದಿಗಳು ಎಲ್ಲೆಲ್ಲೋ ಅಂಟಿಕೊಳ್ಳುತ್ತವೆ. ಕ್ಯಾನ್ಸರ್‌ಗೂ ಇದೇ ದಾರಿ.

ಕಗ್ಗಂಟು ಇರುವುದು ಮೆದುಳಿನಲ್ಲಿ. ನಡಿಗೆ ಹದ ಮಾಡುವ ಸೆರೆಬೆಲ್ಲಮ್‌ನ ಪರ್ಕಿಂಜೆ ಕೋಶಗಳು ಒಂದೊಂದಾಗಿ ಸಾಯುತ್ತವೆ. ಇವು ವಿಭಜನೆ ಆಗುವ ಕೋಶಗಳೇ ಅಲ್ಲ, ಹಾಗಿರುವಾಗ ವಿಭಜನೆ ನಿಲ್ಲಿಸುವವನು ಇಲ್ಲದಿದ್ದರೆ ಇವಕ್ಕೇನು? ಎಟಿಎಮ್ ಕಿತ್ತುಹಾಕಿದ ಇಲಿಗಳಿಗೆ ಕ್ಯಾನ್ಸರ್ ಬರುತ್ತದೆ, ನಡಿಗೆ ಮಾತ್ರ ಮನುಷ್ಯರಷ್ಟು ಕೆಡುವುದಿಲ್ಲ. ಹಾಗಾಗಿ ಇಲಿಯ ಮೇಲೆ ಔಷಧ ಪರೀಕ್ಷಿಸುವುದೂ ಕಷ್ಟ.

ತಂದೆ, ತಾಯಿ ಇಬ್ಬರಿಂದಲೂ ಈ ಜೀನಿನ ಕೆಟ್ಟ ಪ್ರತಿ ಬಂದರೆ ಮಾತ್ರ ಕಾಯಿಲೆ. ಇಬ್ಬರೂ ವಾಹಕರಾಗಿದ್ದರೆ, ಅಂದರೆ ಒಂದೊಂದು ಕೆಟ್ಟ ಪ್ರತಿ ಹೊತ್ತಿದ್ದರೆ, ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ. ಒಂದೇ ಕೆಟ್ಟ ಪ್ರತಿ ಇರುವವರು ನೂರಕ್ಕೆ ಸುಮಾರು ಒಬ್ಬರು. ಅವರು ಆರಾಮಾಗಿಯೇ ಇರುತ್ತಾರೆ, ಆದರೆ ಹೆಂಗಸರಲ್ಲಿ ಸ್ತನ ಕ್ಯಾನ್ಸರ್ ಸಾಧ್ಯತೆ ಎರಡು ಪಟ್ಟಿಗೂ ಮೀರಬಹುದು. ಮನೆಯಲ್ಲಿ ಒಂದು ಮಗುವಿಗೆ ಎ-ಟಿ ಅಂತ ಗೊತ್ತಾದರೆ ತಾಯಿಯೂ, ತಂದೆ ತಾಯಿಯರ ಅಕ್ಕತಂಗಿಯರೂ ಡಾಕ್ಟರ ಹತ್ತಿರ ಈ ಮಾತು ಎತ್ತುವುದು ಒಳ್ಳೆಯದು.

ಎ-ಟಿ ವಾಸಿ ಮಾಡುವ ಮದ್ದು ಇನ್ನೂ ಇಲ್ಲ. 2023ರಲ್ಲಿ ಒಂದು ಆಸೆಯ ಸುದ್ದಿ ಬಂತು. ಒಂದೇ ಒಂದು ಮಗುವಿನ ಜೀನಿನ ತಪ್ಪನ್ನು ಓದಿ, ಅದಕ್ಕೆ ಹೊಂದುವಂತೆ ಅಟಿಪೆಕ್ಸೆನ್ ಎಂಬ ಔಷಧ ಕಟ್ಟಿ, ಮೂರು ವರ್ಷ ಕೊಟ್ಟಿದ್ದರು. ಗಂಭೀರ ಅಡ್ಡಪರಿಣಾಮ ಆಗಲಿಲ್ಲ. ಆದರೆ ಎಟಿಎಮ್‌ನಲ್ಲಿ ನೂರಾರು ಬಗೆಯ ತಪ್ಪುಗಳಿವೆ. ಈ ರೀತಿಯ ಮದ್ದಿಗೆ ಬಗ್ಗುವವು ಅವುಗಳಲ್ಲಿ ಕೆಲವು ಮಾತ್ರ, ಅವಕ್ಕೂ ಬಹುಪಾಲು ಒಂದೊಂದಕ್ಕೆ ಒಂದೊಂದು ಮದ್ದೇ ಕಟ್ಟಬೇಕು.